ಒಡಪಿನೊಳಗಿನ ಹೆಸರು

ಅಂದು ಬೆಳಿಗ್ಗೆ ನಾನೂ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಬಸವಂತಮ್ಮನೂ ಬೀಸುವ ಕಲ್ಲಿನ ಆಚೆ ಈಚೆ ಕುಳಿತು ಗೋದಿ ಬೀಸುತ್ತಿದ್ದೆವು. ಆ ವಾರವೇ ಅವಳ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬುವ ದಿನ. ದೇವದುರ್ಗದಿಂದ ಅವಳ ತಾಯಿ ಪಾರ್ವತೆಮ್ಮ ಬರುವವರಿದ್ದರು, ಹೋಳಿಗೆಗೆ ಹಿಟ್ಟು ಬೇಕಿತ್ತು. ಬಸುರಿ ಬೀಸಬಾರದೆಂದು ಹೇಳಿದರೆ ಅವಳು ಕೇಳಲಿಲ್ಲ. ಗೂಟಕ್ಕೆ ಬರೀ ಕೈ ಇಡುತ್ತೇನೆ, ಎಳೆಯುವುದೆಲ್ಲ ನೀನೇ ಎಳಿ ಎಂದು ನಕ್ಕಿದ್ದಳು.

ಬೀಸುವಾಗ ಹಾಡು ತಾನಾಗಿ ಬರುತ್ತದೆ. ಎರಡು ನುಡಿ ಹಾಡಿದ ಮೇಲೆ ಅವಳು ಕೇಳಿದಳು.

"ಅಕ್ಕಾ, ಎಲ್ಲಾ ಪದದಾಗೂ ಬರೇ ಗಂಡ ಹೆಂಡ್ತಿ ಪ್ರೀತೀನ ಬರ್ತದಲ್ಲ, ಯಾಕ? ನಮ್ಮ ಮನ್ಯಾಗ ಮಾವ ಅತ್ತಿ ಇರೂತನಾ ಹಗಲಿನಾಗ ಒಂದು ಮಾತು ಆಡಿದ್ದು ನಾ ನೋಡಿಲ್ಲ."

"ಅದಕ್ಕ ಪದದಾಗ ಬರ್ತದವ್ವ. ಮತ್ತೆಲ್ಲಿ ಇಡೂದು ಅದನ್ನ?" ಎಂದೆ.

ಅಷ್ಟರಲ್ಲಿ ಬಾಗಿಲ ಚಿಲಕ ಬಡಿಯಿತು. ಕಲ್ಲು ನಿಂತಿತು.

ಹೊರಗೆ ಕುತುಬುದ್ದೀನ್ ನಿಂತಿದ್ದ. ಠಾಣೆ ನಡೆಸುವ ಪೊಲೀಸ್ ಅಮೀನರ ಜವಾನ. ನಮ್ಮ ಮಾನ್ವಿಯಲ್ಲೇ ಹುಟ್ಟಿ ಬೆಳೆದವನು. ಎಲ್ಲರ ಮನೆಯ ಮದುವೆಯಲ್ಲೂ ಉಂಡವನು.

"ಅಂಬಮ್ಮನೋರ, ವಿರೂಪಣ್ಣ ಅದಾರೇನ್ರಿ?"

"ಗಿರಣಿ ಕೆಲಸದ ಮ್ಯಾಲ ರಾಯಚೂರಿಗೆ ಹೋಗ್ಯಾರ."

"ಅವರ ತಮ್ಮ?"

"ಅಂವ ಸಂಕ್ರಾಂತಿ ಆಗೂದಕ್ಕ ಹೊಳಿ ದಾಟಿ ಹೋದಾಂವ ಮತ್ತ ಬಂದಿಲ್ಲ. ಊರಿಗೆಲ್ಲ ಗೊತ್ತದ."

"ಊರಿಗೆ ಗೊತ್ತಿದ್ದದ್ದು ಅಮೀನ ಸಾಹೇಬರಿಗೂ ಗೊತ್ತದ ರೀ. ಗೊತ್ತಿರಲಾರದ್ದನ್ನ ಕೇಳಾಕ ಬಂದೀನಿ." ಅವನ ಕಣ್ಣು ನನ್ನ ಹಿಂದೆ ಬಸವಂತಮ್ಮನ ಮೇಲೆ ನಿಂತಿತು. "ಏನವ್ವ ತಂಗಿ, ಗಂಡನ ಹೆಸರೇನು?"

ಅವಳು ನೆಲ ನೋಡಿದಳು. ಕುತುಬುದ್ದೀನ್ ನಕ್ಕ.

"ಗೊತ್ತದ ಬಿಡು. ಬರೇ ಬಾಯಿಲೆ ಹೇಳಂಗಿಲ್ಲ, ಪದಾ ಕಟ್ಟಿ ಹೇಳ್ತೀರಿ. ನಮ್ಮಾಕೀನೂ ಹಂಗ. 'ಅಜೀ ಸುನ್ತೇ ಕ್ಯಾ' ಅಂತಾಳ. ನನ್ನ ಹೆಸರ ಅದು ಅಂತ ತಿಳ್ಕೊಂಡಾವ ಹುಡುಗರು." ಮೆಟ್ಟಿಲು ಇಳಿಯುತ್ತ ಮತ್ತೆ ತಿರುಗಿದ. "ಕುಬಸದಾಗ ಒಡಪು ಹೇಳಸ್ತಾರಲ್ಲ, ಅವತ್ತ ಚಂದಂಗ ಹೇಳು. ಓಣಿತನ ಕೇಳಿಸಬೇಕು."

ಅವನ ನಗು ಹೋದರೂ ಬಾಗಿಲಲ್ಲಿ ಅವನು ನಿಂತೇ ಇದ್ದಂತೆ ಅನಿಸಿತು. ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ನಾನು ಚಿಲಕ ಹಾಕಿದೆ.

ಇಂಗ್ಲಿಷರು ಹೋಗಿ ವರ್ಷ ತುಂಬುತ್ತ ಬಂದಿತ್ತು. ನಮ್ಮ ತುಂಗಭದ್ರೆಯ ಆಚೆ ದಂಡೆಗೆ ಬಾವುಟ ಬೇರೆ, ಈಚೆ ದಂಡೆಗೆ ಬೇರೆ. ನಿಜಾಮರ ರಾಜ್ಯ ಆಚೆಯವರೊಡನೆ ಸೇರಬೇಕೆಂದು ಹಟ ಹಿಡಿದ ಹುಡುಗರು ಚೀಕಲಪರ್ವಿಯ ಹತ್ತಿರ ಹೊಳೆ ದಾಟಿ ಹೋಗಿ ಆಚೆ ಬಿಡಾರ ಹೂಡಿದ್ದರು. ರಾಯಚೂರಿನಲ್ಲಿ ಓದುತ್ತಿದ್ದ ನನ್ನ ಮೈದುನ ಅಮರಪ್ಪ ಅವರೊಳಗೊಬ್ಬ. ಅವನೂ ಆಚೆಗೇ ಹೋದನೆಂದು ಊರು ನಂಬಿತ್ತು. ಹೋಗಿದ್ದೂ ನಿಜ. ಆದರೆ ಯುಗಾದಿ ಕಳೆದ ಮೇಲೆ ತಿರುಗಿ ಬಂದಿದ್ದ. ಹಿರೇಕೊಟ್ನೆಕಲ್ಲಿನ ದಾರಿಯಲ್ಲಿ ಒಂದು ಹಾಳು ಬಾವಿಯಿದೆ, ಅದರ ಸುತ್ತ ಮೂರು ಹುಣಸೆ ಮರ. ಆ ಜಾಗಕ್ಕೆ ಜನ ಮೂರು ಹುಣಸಿ ಎಂದೇ ಕರೆಯುತ್ತಾರೆ. ಬಾವಿಯೊಳಗೆ ನೀರಿಲ್ಲ. ಪಾವಟಿಗೆ ಇಳಿದರೆ ಕಲ್ಲಿನ ಗೂಡಿದೆ. ಅಮರಪ್ಪ ಅಲ್ಲಿದ್ದುಕೊಂಡು ಆಚೆಯಿಂದ ಬಂದವರನ್ನು ಹಳ್ಳಿಗಳಿಗೆ ದಾಟಿಸುತ್ತಿದ್ದ. ಪಕ್ಕದ ಹೊಲ ನಮ್ಮದೇ. ಆಳು ಗಡಿಗೆಪ್ಪ ಬುತ್ತಿ ಒಯ್ಯುವಾಗ ಎರಡು ರೊಟ್ಟಿ ಹೆಚ್ಚಿಗೆ ಕಟ್ಟುತ್ತಿದ್ದೆ. ಕಳೆ ತೆಗೆಯುವ ನೆವದಲ್ಲಿ ಬಸವಂತಮ್ಮ ಒಂದೆರಡು ಸಲ ಹೊಲಕ್ಕೆ ಹೋಗಿ ಬಂದಿದ್ದಳು. ಬಂದಾಗ ಅವಳ ಮುಖ ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಅಷ್ಟು ಬೆಳಕು ಅದರಲ್ಲಿ.

ಸಿಕ್ಕಿಬಿದ್ದವರಲ್ಲಿ ಕೆಲವರು ರಾಯಚೂರಿನ ಜೈಲು ಮುಟ್ಟುತ್ತಿದ್ದರು. ಕೆಲವರು ಮುಟ್ಟುತ್ತಿರಲಿಲ್ಲ.

ಏಳು ವರ್ಷದ ನನ್ನ ಮಗಳು ನೀಲಾಗೆ ಇದಾವುದೂ ಗೊತ್ತಿರಲಿಲ್ಲ. ಕಾಕಾ ಹೊಳೆಯಾಚೆ ಇದ್ದಾನೆ, ಬರುವಾಗ ಗೊಂಬೆ ತರುತ್ತಾನೆ ಎಂದಷ್ಟೇ ಅವಳಿಗೆ ಹೇಳಿದ್ದೆ.

ಆ ಮಧ್ಯಾಹ್ನವೇ ಕುಳಿತು ಬಸವಂತಮ್ಮನಿಗಾಗಿ ಒಂದು ಒಡಪು ಕಟ್ಟಿದೆ. ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಎರಡು ಸಾಲಿನ ಪದದೊಳಗೆ ಇಟ್ಟೇ ಹೇಳಬೇಕು. ಕುಬಸದ ಆರತಿಯ ಮುಂದೆ ಮುತ್ತೈದೆಯರು ಬಸುರಿಯನ್ನು ಬಿಡುವುದಿಲ್ಲ. ಹೇಳದಿದ್ದರೆ ಆರತಿ ಇಳಿಯುವುದಿಲ್ಲ.

"ಹೊಳಿ ದಾಟಿ ಹೋಗ್ಯಾರ ಹೊಳ್ಳಿ ನೋಡದಂಗ ದೂರ,
ದಾರಿ ಕಾಯಾಕತ್ತೀನಿ ನಾ ಅಮರಪ್ಪನವರ."

"ಇದನ್ನ ಹೇಳು. ಕೇಳಿದವರು ಅಯ್ಯೋ ಪಾಪ ಅಂದು ಮನಿಗೆ ಹೋಗ್ತಾರ" ಎಂದೆ.

ಬಸವಂತಮ್ಮ ಅದನ್ನು ತುಟಿಯಲ್ಲೇ ಒಮ್ಮೆ ಹೇಳಿ ನೋಡಿದಳು.

"ಹೊಳ್ಳಿ ನೋಡದಂಗ ಹೋಗ್ಯಾರ ಅಂತ ಅವರ ಹೆಸರಿನ ಜೋಡಿ ಹೆಂಗ ಹೇಳ್ಲಿ ಅಕ್ಕಾ? ಒಡಪಿನಾಗ ಸುಳ್ಳು ಕಟ್ಟಿದ್ರ ಹೆಸರಿನವರಿಗೆ ತಟ್ಟತದ ಅಂತ ಅತ್ತಿ ಹೇಳ್ತಿದ್ಲು."

ಅದನ್ನು ನಮ್ಮತ್ತೆ ನನಗೂ ಹೇಳಿದ್ದಳು. ಹೆಸರಿನ ಜೊತೆ ಕಟ್ಟಿದ ಮಾತು ಹೆಸರಿನವನ ಬೆನ್ನು ಹತ್ತುತ್ತದಂತೆ. ಮನೆಗೆ ಬಾರದವನೆಂದು ಕಟ್ಟಿದರೆ ಅವನು ಬಾರನು. ನಾನು ಅದನ್ನು ಅರ್ಧ ನಂಬಿದ್ದೆ. ಆದರೆ ಕುತುಬುದ್ದೀನನ ನಗುವನ್ನು ಪೂರ್ತಿ ನಂಬಿದ್ದೆ.

"ತಟ್ಟಿದ್ರ ನನಗ ತಟ್ಟಲಿ. ಕಟ್ಟಿದಾಕಿ ನಾನು" ಎಂದೆ. ಅವಳು ತಲೆಯಾಡಿಸಿದಳು. ನನ್ನೆದುರಿಗೆ ನಾಲ್ಕು ಸಲ ತಪ್ಪಿಲ್ಲದೆ ಹೇಳಿಯೂ ತೋರಿಸಿದಳು. ಆದರೆ ಹಾಡುವಾಗ ಏರುವ ಅವಳ ದನಿ ಏರಲೇ ಇಲ್ಲ. ಸಂತೆಯ ಸಾಮಾನು ಬಾಯಿಪಾಠ ಮಾಡಿದ ಹಾಗಿತ್ತು.

ಕುಬಸದ ದಿನ ಪಡಸಾಲೆ ತುಂಬ ಹೆಂಗಸರು. ಪಾರ್ವತೆಮ್ಮ ದೇವದುರ್ಗದಿಂದ ಬುಟ್ಟಿ ತುಂಬ ಸಜ್ಜೆ ಕಡುಬು ತಂದಿದ್ದರು. ಹಿಂದಿನ ಓಣಿಯಿಂದ ಅಮೀನರ ಹೆಂಡತಿ ಸುಗ್ರಾ ಬೇಗಂ ಕೂಡ ಹಿತ್ತಲ ಬಾಗಿಲಿನಿಂದ ಬಂದಳು, ಕೈಯಲ್ಲಿ ಒಂದು ಡಜನ್ ಹಸಿರು ಬಳೆ. ಅವಳು ಪ್ರತಿ ವರ್ಷ ನಮ್ಮ ಆರತಿಗಳಿಗೆ ಬರುವವಳು. ಬರಬೇಡವೆಂದು ಹೇಳುವುದು ಹೇಗೆ? ಗೋಡೆಗೆ ಒರಗಿ ಕುಳಿತು ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿದಳು.

ಹಿರಿಯ ಮುತ್ತೈದೆ ಜಂಬಮ್ಮ ಆರತಿ ತಟ್ಟೆಯನ್ನು ಎತ್ತಿ ಹಿಡಿದಳು.

"ಹೆಸರು ಹೇಳವ್ವ. ಇಲ್ಲಂದ್ರ ನನ್ನ ಕೈ ನೋಯ್ತದ, ದೀಪ ನಿನ್ನ ಸೀರಿ ಮ್ಯಾಲ ಬೀಳ್ತದ."

"ಹೇಳ್ತಾಳ ತಡಿ. ಹೆಸರು ಮರತಾಳ. ಬಾಳ ದಿನಾ ಆತಲ್ಲ ಗಂಡನ್ನ ನೋಡಿ" ಎಂದು ಒಬ್ಬಳು ಕೆಣಕಿದಳು. ಎಲ್ಲರೂ ನಕ್ಕರು.

ಬಸವಂತಮ್ಮ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಹೂಂ ಎಂದೆ. ಅವಳು ಬಾಯಿ ತೆರೆದಳು, ಮುಚ್ಚಿದಳು. ಕೈ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ ದನಿ ಏರಿತು, ತುಂಬಿದ ಕೊಡದಿಂದ ನೀರು ಬಂದ ಹಾಗೆ.

"ಮೂರು ಹುಣಸಿ ಚಿಗುರು ಕಿತ್ತು ಉಡಿಯಾಗ ಸುರುವ್ಯಾರ,
ಬಯಕಿ ಕೇಳಿ ನಕ್ಕಾರ ನಮ್ಮ ಅಮರಪ್ಪನವರ."

ಬಸುರಿ, ಹುಳಿ, ಹುಣಸೆ. ಯಾವ ಕುಬಸದಲ್ಲೂ ಬರುವ ಮಾತೇ. ಅದರಿಂದ ಅವಳು ಧೈರ್ಯ ಮಾಡಿದ್ದಳು. ಸುಳ್ಳೂ ಆಗಲಿಲ್ಲ, ಗುಟ್ಟೂ ರಟ್ಟಾಗಲಿಲ್ಲ ಎಂದು ಎಣಿಸಿದ್ದಳು. ಹೆಂಗಸರು ಹೋ ಎಂದರು. ಜಂಬಮ್ಮ ಆರತಿ ಇಳಿಸಿದಳು. ಪಾರ್ವತೆಮ್ಮ ಕಣ್ಣೊರೆಸಿಕೊಂಡು, "ಇನ್ನೊಮ್ಮಿ ಹೇಳವ್ವ" ಎಂದರು. ಅವಳು ಇನ್ನೊಮ್ಮೆ ಹೇಳಿದಳು. ಪಾರ್ವತೆಮ್ಮನ ಮಗ್ಗುಲಿಗೆ ಕುಳಿತ ನೀಲಾ ತುಟಿ ಆಡಿಸುತ್ತಿದ್ದಳು.

ನಾನು ಹೋಳಿಗೆ ಬಡಿಸುವ ನೆವ ಮಾಡಿ ಎದ್ದೆ. ಹುಣಸೆ ಚಿಗುರುವುದು ಯುಗಾದಿಯ ಮೇಲೆ. ಸಂಕ್ರಾಂತಿಗೆ ಹೊಳೆ ದಾಟಿದವನು ಅದನ್ನು ಕಿತ್ತು ಉಡಿಗೆ ಸುರಿದದ್ದು ಯಾವಾಗ? ಅಷ್ಟು ನಗುವಿನಲ್ಲಿ ಯಾರೂ ಅದನ್ನು ಯೋಚಿಸಲಿಲ್ಲ. ಯೋಚಿಸಿದವಳು ಒಬ್ಬಳೇ. ಸುಗ್ರಾ ಬೇಗಂ ಬಳೆಗಳನ್ನು ಹಿಡಿದುಕೊಂಡೇ ಕುಳಿತಿದ್ದಳು, ಅವಳ ಮುಖದಲ್ಲಿ ನಗು ಇರಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಅದೇ ಹೆಚ್ಚು ಕಠಿಣ. ಓಣಿಯಲ್ಲಿ ನಾಯಿ ಬೊಗಳಿದರೆ ಕೈಯಲ್ಲಿನ ರೊಟ್ಟಿ ಹರಿಯುತ್ತಿತ್ತು. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು, ಸುರಿಯುತ್ತಿರಲಿಲ್ಲ. ಸ್ಥಳ ಬಿಡು ಎಂದು ಗಡಿಗೆಪ್ಪನ ಕೈಯಲ್ಲಿ ಅಮರಪ್ಪನಿಗೆ ಹೇಳಿ ಕಳಿಸಿದೆ. ಆಚೆಯಿಂದ ಇಬ್ಬರು ಬರುವವರಿದ್ದಾರೆ, ಅವರನ್ನು ದಾಟಿಸಿದ ಮೇಲೆ ಹೋಗುತ್ತೇನೆ ಎಂದು ಉತ್ತರ ಬಂತು.

ಮೂರನೆಯ ದಿನ ಸುಗ್ರಾ ಬೇಗಂ ಹಿತ್ತಲಿಗೆ ಬಂದಳು. ಬಾವಿಯ ಕಟ್ಟೆಯ ಮೇಲೂ ಕೂಡಲಿಲ್ಲ.

"ಅಂಬಮ್ಮ, ನಾ ಮನಿಯಾಗ ಬಾಯಿ ಬಿಟ್ಟಿಲ್ಲ. ಖುದಾನ ಆಣಿ."

ನಾನು ಬಾವಿಯ ಹಗ್ಗ ಸುತ್ತತೊಡಗಿದೆ. ಹೂಂ ಎಂದರೂ ಒಪ್ಪಿದ ಹಾಗೆ.

"ನಾ ಸಣ್ಣಾಕಿ ಇದ್ದಾಗ ನಮ್ಮ ಅಬ್ಬಾಜಾನ್ ಬಾಳ ಶೇರ್ ಕಲಿಸಿದ್ರು, ನಿಮ್ಮ ಒಡಪಿನಂಗ ಎರಡು ಸಾಲಿನ ಪದಾ. ಲಡಾಯಿದು, ಬಾದಶಾಹಗಳದು, ಬುದ್ಧಿಮಾತಿಂದು. ಎಲ್ಲಾ ಮರತು ಹೋತು. ಪ್ರೀತಿದು ಮಾತ್ರ ಉಳದಾವ. ನಿನ್ನ ನೆಗೆಣ್ಣಿ ಹೇಳಿದ್ದೂ ಹಂಗ ಹೊಕ್ಕೊಂಡು ಕುಂತದ. ರೊಟ್ಟಿ ಮಾಡೂವಾಗ ತಾನ ಬಾಯಿಗೆ ಬರಾಕತ್ತದ. ಸಾಹೇಬರು ಮನಿಗೆ ಬಂದ್ರ ನಾ ತುಟಿ ಕಚ್ಚಿ ಹಿಡಿತೀನಿ." ಅವಳು ಮುಸುಕು ಎಳೆದುಕೊಂಡಳು. "ನಾ ಹಿಡಿದೀನಿ. ಆದ್ರ ನಿನ್ನ ಮಗಳು ಓಣಿಯಾಗ ಹಾಡಾಕತ್ತಾಳ. ಅದನ್ನ ನಿಲ್ಲಸು."

ಅವಳು ಹೋದ ಮೇಲೆ ಕಿವಿಗೊಟ್ಟು ಕೇಳಿದೆ. ಹೌದು. ಮುಂದಿನ ಓಣಿಯಲ್ಲಿ ಹುಡುಗಿಯರು ಕೈ ಕೈ ಹಿಡಿದು ಫುಗಡಿ ಸುತ್ತುತ್ತಿದ್ದರು. ಸುತ್ತಿನ ತಾಳಕ್ಕೆ ಆ ಎರಡು ಸಾಲು ಹೇಳಿ ಮಾಡಿಸಿದ ಹಾಗೆ ಕೂಡಿತ್ತು.

ನಾನು ಕಟ್ಟಿದ ಸುಳ್ಳು ಪದವನ್ನು ಬಸವಂತಮ್ಮ ಹೇಳಿದ್ದರೆ ಅದು ಹೊಸ್ತಿಲು ಕೂಡ ದಾಟುತ್ತಿರಲಿಲ್ಲ. ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಇದು ಪ್ರೀತಿಯಿಂದ ಬಂದದ್ದು, ಅದಕ್ಕೇ ಕಾಲು ಬಂದಿದ್ದವು.

ನೀಲಾಳನ್ನು ಒಳಗೆ ಕರೆದು ತೊಡೆಯ ಮೇಲೆ ಕೂಡಿಸಿಕೊಂಡು ತಲೆ ಬಾಚಿದೆ. ಹಾಡಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆಂದು ಹೇಳಿದರೆ ಅವಳಿಗೂ ಗುಟ್ಟು ಹೊರಿಸಿದ ಹಾಗೆ. ಏಳು ವರ್ಷದ ಕೂಸು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು?

"ನನ್ನವ್ವ, ಆ ಪದದಾಗ ಹುಣಸಿ ತಗದು ಮಲ್ಲಿಗಿ ಹಾಕೂಣು. 'ಮಲ್ಲಿಗಿಯ ಮೊಗ್ಗು ಕಿತ್ತು ಉಡಿಯಾಗ ಸುರುವ್ಯಾರ.' ಎಷ್ಟು ಚಂದ ಅದ ನೋಡು."

ಅವಳು ಒಮ್ಮೆ ಹೇಳಿ ನೋಡಿದಳು. ಮೂಗು ಮುರಿದಳು.

"ಛೀ. ಬಸುರಿದ್ದಾಕಿ ಮಲ್ಲಿಗಿ ತಿಂತಾಳೇನು? ಚಿಗವ್ವ ಹೇಳಿದ್ದು ಖರೇ ಅದ. ಇದು ಸುಳ್ಳು."

"ಒಡಪು ದೊಡ್ಡವರದವ್ವ, ಸಣ್ಣವರು ಹೇಳಿದ್ರ ದೇವರು ಸಿಟ್ಟಾಗ್ತಾನ."

"ಕಲ್ಲವ್ವನೂ ಹೇಳಾಕತ್ತಾಳ. ನಾನ ಕಲಿಸೀನಿ."

ಅವಳ ಜಡೆ ಹೆಣೆದು ಮುಗಿಯಿತು. ನಾನು ಬಿಚ್ಚಿ ಮತ್ತೆ ಹೆಣೆದೆ, ಇನ್ನಷ್ಟು ಹೊತ್ತು ಮನೆಯೊಳಗೇ ಇರಲೆಂದು. ಅವತ್ತು ಹೊರಗೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದಾಗ ಯಾವಾಗಲೋ ಜಾರಿಕೊಂಡಳು.

ಅಡಿಗೆಮನೆಯ ಕಿಟಕಿ ಓಣಿಗೇ ತೆರೆಯುತ್ತದೆ. ಫುಗಡಿಯ ಸದ್ದು ಕೇಳಿ ತಲೆಯೆತ್ತಿದೆ. ನೀಲಾ ನಡುವೆ ನಿಂತು ಹಾಡುತ್ತಿದ್ದಳು. ಕುತುಬುದ್ದೀನ್ ಕೈಯಲ್ಲಿ ಬಡಿಗೆ ಹಿಡಿದು ಬರುತ್ತಿದ್ದವನು ನಿಂತುಬಿಟ್ಟ. ಹುಡುಗಿಯರೂ ನಿಂತರು. ಅವನು ಮಂಡಿಯೂರಿ ನೀಲಾಳ ಎತ್ತರಕ್ಕೆ ಬಂದ. ಕಿಸೆಯಿಂದ ಏನೋ ತೆಗೆದು ಅವಳ ಅಂಗೈಯಲ್ಲಿಟ್ಟ. ಬೆಲ್ಲದ ಚೂರೋ ಖರ್ಜೂರವೋ.

"ಚಂದ ಅದ ಬೇಟಿ. ಇನ್ನೊಮ್ಮಿ ಹೇಳು. ಸಾವಕಾಶ ಹೇಳು."

ನನ್ನ ಕೈ ಹಿಟ್ಟಿನಲ್ಲೇ ಇತ್ತು. ಕೂಗಿ ನಿಲ್ಲಿಸಿದರೆ ಆ ಕೂಗೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. ದಿನದ ದನಿಯಲ್ಲೇ ಕರೆದೆ.

"ನೀಲಾ, ಬಾರವ್ವ, ಹಾಲು ತಣ್ಣಗಾಗಾಕತ್ತಾವ."

"ಬಂದೆ ತಡಿಯವ್ವ" ಎಂದಳು ಅವಳು. ಅತಿಥಿಯೆದುರು ಒಳ್ಳೆಯ ಹುಡುಗಿ ಹೇಗೆ ಹಾಡಬೇಕೋ ಹಾಗೆ, ಕೈ ಕಟ್ಟಿಕೊಂಡು, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ಮೂರು ಹುಣಸಿ. ಚಿಗುರು. ಅಮರಪ್ಪನವರ.

ಕುತುಬುದ್ದೀನ್ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ನಮ್ಮ ಕಿಟಕಿಯ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತೋ ಏನೋ. ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ. ಬಡಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದ ದಾರಿಯಲ್ಲೇ ತಿರುಗಿ ನಡೆದ, ಬಿರುಸಾಗಿ.

ಗಡಿಗೆಪ್ಪನನ್ನು ಹಿತ್ತಲ ಬಾಗಿಲಿನಿಂದ ಓಡಿಸಿದೆ. ಬುತ್ತಿಯ ಗಂಟು ಕೈಯಲ್ಲಿರಲಿ, ಯಾರಾದರೂ ಕೇಳಿದರೆ ಹೊಲಕ್ಕೆ ಎನ್ನು ಎಂದೆ. ಅಷ್ಟು ದಿನ ತಡೆದ ಮಳೆ ಆಗಲೇ ಸುರಿಯಲು ಹಿಡಿಯಿತು. ಬಸವಂತಮ್ಮ ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು. ಮಳೆಯ ಸದ್ದಿನೊಳಗೆ ಒಂದು ಲಾರಿ ಹಿರೇಕೊಟ್ನೆಕಲ್ಲಿನ ದಾರಿ ಹಿಡಿದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.

ಮಧ್ಯಾಹ್ನ ಗಡಿಗೆಪ್ಪ ಬಂದ. ಬುತ್ತಿಯ ಗಂಟು ಕಟ್ಟಿದ ಹಾಗೇ ಇತ್ತು, ನೀರು ಕುಡಿದು ಭಾರವಾಗಿತ್ತು. ನಡುವಿನ ಹಳ್ಳ ಬಂದಿತ್ತು, ಇಳಿಯುವವರೆಗೆ ಕಾದೆ, ಅಷ್ಟರಲ್ಲಿ ಲಾರಿ ಬೇರೆ ದಾರಿಯಿಂದ ಹೋಗಿತ್ತು ಎಂದ.

"ಅಮರಪ್ಪನವರ ಕೈ ಹಿಂದ ಕಟ್ಟಿ ಲಾರ್ಯಾಗ ಕೂಡಿಸಿದ್ರು ರೀ. ಅವರು ನನ್ನ ಕಡಿ ನೋಡಿದ್ರು, ನೋಡಲಾರದಂಗ ಮುಖ ತಿರುವಿದ್ರು."

ಮರುದಿನ ರಾಯಚೂರಿನಿಂದ ಬಂದ ನನ್ನ ಗಂಡ ಊಟಕ್ಕೂ ಕೂಡದೆ ತಿರುಗಿ ರಾಯಚೂರಿಗೆ ಹೋದರು. ಅಲ್ಲಿ ಯಾವ ಬಾಗಿಲಿನಲ್ಲೂ ಅಮರಪ್ಪ ಎಂಬ ಹೆಸರು ಇಲ್ಲ ಎಂದರಂತೆ. ತಂದಿಲ್ಲ ಎನ್ನಲಿಲ್ಲ, ಇದ್ದಾನೆ ಎನ್ನಲಿಲ್ಲ. ಪಾರ್ವತೆಮ್ಮ ಮಗಳನ್ನು ದೇವದುರ್ಗಕ್ಕೆ ಕರೆದೊಯ್ದರು. ಗಾಡಿ ಹತ್ತುವಾಗ ಬಸವಂತಮ್ಮ ನನ್ನ ಕಿವಿಯಲ್ಲಿ ಹೇಳಿದಳು, "ಅಕ್ಕಾ, ನಿನ್ನ ಪದಾನ ಹೇಳಬೇಕಿತ್ತು. ಆದ್ರ ಬಾಯಿಗೆ ಬರಲಿಲ್ಲ." ನಾನು ಅವಳ ಉಡಿಗೆ ಅಕ್ಕಿ ಹಾಕಿದೆ. ಅವಳು ಆಡಿದ್ದು ತಪ್ಪೆಂದು ಈಗಲೂ ನನ್ನ ಮನಸ್ಸು ಒಪ್ಪುವುದಿಲ್ಲ, ಸರಿಯೆಂದು ಹೇಳುವ ಧೈರ್ಯವೂ ಇಲ್ಲ.

ಎಲ್ಲರೂ ಅಳುತ್ತಿದ್ದಾಗ ನೀಲಾಳನ್ನು ಯಾರೂ ಗಮನಿಸಿರಲಿಲ್ಲ. ಕಾಕಾ ಬೇರೆ ಊರಿಗೆ ಹೋದ ಎಂದು ಹೇಳಿದ್ದೆವು. ಅವಳು ಅದನ್ನು ನಂಬಿಲ್ಲವೆಂದು ಮೊದಲು ನನಗೆ ತಿಳಿದದ್ದು ಓಣಿಯ ಸದ್ದಿನಿಂದ. ಹುಡುಗಿಯರು ಫುಗಡಿಗೆ ಬೇರೆ ಪದ ಹಾಡುತ್ತಿದ್ದರು, ಅವರೊಳಗೆ ಅವಳ ದನಿ ಇರಲಿಲ್ಲ. ಆಮೇಲೆ ಊಟದಲ್ಲಿ ಹುಣಸೆಯ ಸಾರನ್ನು ಪಕ್ಕಕ್ಕೆ ತಳ್ಳತೊಡಗಿದಳು. ಒಂದು ಸಂಜೆ ಹಾಸಿಗೆ ಝಾಡಿಸುವಾಗ ತಲೆದಿಂಬಿನ ಕೆಳಗೆ ಇರುವೆ ಮುತ್ತಿದ ಒಂದು ಖರ್ಜೂರ ಸಿಕ್ಕಿತು. ಅವಳು ಅದನ್ನು ತಿಂದೇ ಇರಲಿಲ್ಲ.

"ಹುಣಸಿ ಮರಕ್ಕ ಕಿವಿ ಇರ್ತಾವೇನವ್ವ?" ಎಂದು ಒಮ್ಮೆ ಕೇಳಿದಳು. ಇಲ್ಲವ್ವ ಎಂದೆ. "ಕುತುಬುದ್ದೀನ್ ಮಾಮಾ ಕೆಟ್ಟಾಂವೇನು?" ಎಂದು ಇನ್ನೊಮ್ಮೆ. ಅವನು ಹುಕುಂ ಕೇಳಿದವನು ಎಂದೆ. ಅವಳು ಕೇಳಬೇಕಾದದ್ದು ಇವಲ್ಲ ಎಂದು ನನಗೆ ಗೊತ್ತಿತ್ತು. ಪ್ರಶ್ನೆಯ ಸುತ್ತ ಸುತ್ತುತ್ತಿದ್ದಳು, ಹಾಳು ಬಾವಿಯ ಸುತ್ತ ಮಕ್ಕಳು ಸುತ್ತುವ ಹಾಗೆ, ಒಳಗೆ ಇಣುಕುವ ಧೈರ್ಯವಿಲ್ಲದೆ. ಅವಳು ಇಣುಕದಿರಲಿ ಎಂದು ನಾನು ದಿನವೂ ಏನಾದರೊಂದು ಕೆಲಸ ಹಚ್ಚುತ್ತಿದ್ದೆ.

ಈವತ್ತು ಬೆಳಿಗ್ಗೆ ಜೋಳ ಬೀಸಲು ಕುಳಿತೆ. ಬಸವಂತಮ್ಮನ ಜಾಗ ಖಾಲಿಯಿತ್ತು. ನೀಲಾ ಎದ್ದು ಬಂದು, ಕರೆಯದೆಯೇ ಅಲ್ಲಿ ಕುಳಿತು, ಚಿಗವ್ವ ಹಿಡಿಯುತ್ತಿದ್ದ ಹಾಗೆ ಗೂಟಕ್ಕೆ ಬರೀ ಕೈ ಇಟ್ಟಳು. ಕಲ್ಲು ತಿರುಗಿತು. ನಾನು ಹಾಡಲಿಲ್ಲ, ಅವಳೂ ಹಾಡಲಿಲ್ಲ. ಬರೀ ಕಲ್ಲಿನ ಸದ್ದು. ಅಷ್ಟು ಸದ್ದು ಅದು ಮಾಡುತ್ತದೆಂದು ಹಾಡುವಾಗ ಎಂದೂ ತಿಳಿದಿರಲಿಲ್ಲ.

ಹಿಟ್ಟು ಸುತ್ತಲೂ ಬೀಳುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕೈ ಗೂಟವನ್ನು ಬಿಗಿಯಾಗಿ ಹಿಡಿದು ಕಲ್ಲನ್ನು ನಿಲ್ಲಿಸಿತು.

"ಯವ್ವಾ," ಎಂದಳು, "ಚಿಗವ್ವ ಕಾಕಾನ ಮ್ಯಾಲ ಜೀವ ಇಟ್ಟು ಕಟ್ಟಿದ ಪದಾನ ನಾ ಹಾಡಿದ್ದು. ಮತ್ತ ಅದನ್ನ ಹಾಡಿದ್ದಕ್ಕನ ಕಾಕಾನ್ನ ಹಿಡಕೊಂಡು ಹೋದ್ರೇನು?"